ಎಕ್ಸ್(3872) ಸಿಕ್ಕಿ 20 ವರ್ಷ ದಾಟಿದರೂ ಅದರ ಒಳಗೆ ಏನಿದೆ ಅಂತ ಯಾಕೆ ತೀರ್ಮಾನ ಆಗಿಲ್ಲ?

ಕುತೂಹಲಿ_42

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ತಿನ್ನುತ್ತಿದೆ.

ಪಠ್ಯಪುಸ್ತಕದಲ್ಲಿ ಇರೋದು ಇಷ್ಟು: ಮೂರು ಕ್ವಾರ್ಕ್ ಸೇರಿದರೆ ಪ್ರೋಟಾನ್, ನ್ಯೂಟ್ರಾನ್ ತರಹದ ಬೇರಿಯಾನ್. ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದರೆ ಮೆಸಾನ್. ಅಲ್ಲಿಗೆ ಮುಗೀತು. ಆದರೆ ಸುದ್ದಿ ನೋಡಿದರೆ ನಾಲ್ಕು ಕ್ವಾರ್ಕಿನ ಕಣ, ಐದು ಕ್ವಾರ್ಕಿನ ಕಣ ಅಂತ ಆಗಾಗ ಬರುತ್ತಲೇ ಇರುತ್ತದೆ. ಇವಕ್ಕೆಲ್ಲ ಮೊದಲು ಬಂದದ್ದು ಎಕ್ಸ್(3872). ಆವರಣದಲ್ಲಿರೋದು ಅದರ ದ್ರವ್ಯರಾಶಿ, ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್) ಲೆಕ್ಕದಲ್ಲಿ. 2003ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಕಂಡಿತು. ಆಮೇಲೆ ಅಮೆರಿಕ, ಚೀನಾ, ಸರ್ನ್ ಎಲ್ಲ ಕಡೆ ಕಂಡಿದೆ. ದ್ರವ್ಯರಾಶಿ ಗೊತ್ತು, ಸ್ಪಿನ್ ಗೊತ್ತು. ಆದರೆ ಒಳಗೆ ಏನಿದೆ ಅಂತ ಕೇಳಿದರೆ ಒಬ್ಬರು ನಾಲ್ಕು ಕ್ವಾರ್ಕಿನ ಗುಂಪು, ಅಂದರೆ ಟೆಟ್ರಾಕ್ವಾರ್ಕ್, ಅಂತಾರೆ, ಇನ್ನೊಬ್ಬರು ಮೆಸಾನುಗಳ ಅಣು ಅಂತಾರೆ, ಮತ್ತೊಬ್ಬರು ಎರಡೂ ಅಲ್ಲ ಅಂತಾರೆ.

ಇಷ್ಟು ಅಳತೆ ಮಾಡಿದ ಮೇಲೂ ಇದು ಯಾಕೆ ಬಗೆಹರಿಯುತ್ತಿಲ್ಲ? ಗಣಿತ ಸ್ವಲ್ಪ ಇದ್ದರೂ ಪರವಾಗಿಲ್ಲ, ನಿಧಾನವಾಗಿ ಓದಿಕೊಳ್ತೀನಿ.

ಉಬ್ಬುತಗ್ಗು

ಒಳ್ಳೇ ಪ್ರಶ್ನೆ. ಮೊದಲು "ಕಂಡಿತು" ಅಂದರೆ ಏನು ಅಂತ ನೋಡೋಣ. ಅಲ್ಲೇ ಅರ್ಧ ಉತ್ತರ ಇದೆ.

ಎಕ್ಸ್(3872) ಬದುಕೋದು ಒಂದು ಸೆಕೆಂಡಿನಲ್ಲಿ 10ರ ಘಾತ ಮೈನಸ್ 21ರಷ್ಟು ಕಾಲ, ಅದಕ್ಕಿಂತಲೂ ಸ್ವಲ್ಪ ಕಡಿಮೆಯೇ. ಪತ್ತೆಯಂತ್ರದ ಮೊದಲ ಪದರ ತಲುಪೋದು ಹಾಗಿರಲಿ, ಒಂದು ಪರಮಾಣುವಿನ ಅಗಲವನ್ನೂ ಅದು ದಾಟೋದಿಲ್ಲ. ನಮಗೆ ಸಿಗೋದು ಅದು ಒಡೆದ ಚೂರುಗಳು ಮಾತ್ರ.

ಬೆಲ್ ತಂಡ ಹೇಗೆ ಮಾಡಿತು ಅಂದರೆ: ತ್ಸುಕುಬಾದ ಕೆಇಕೆಯಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್ ಡಿಕ್ಕಿ ಹೊಡೆಸಿ ಬಿ ಮೆಸಾನ್‌ಗಳನ್ನು ಹುಟ್ಟಿಸುತ್ತಿದ್ದರು. ಅದರಲ್ಲಿ ಬಿ ಮೆಸಾನ್ ಒಡೆದು ಒಂದು ಕೇಯಾನ್, ಎರಡು ಪಯಾನ್ (ಇವು ಹಗುರ ಮೆಸಾನ್‌ಗಳು), ಒಂದು ಜೆ/ಸೈ (ಚಾರ್ಮ್ ಅನ್ನೋ ಭಾರದ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಸೇರಿದ ಮೆಸಾನ್) ಬಂದ ಘಟನೆಗಳನ್ನು ಆರಿಸಿದರು. ಜೆ/ಸೈ ಕೂಡ ನೇರವಾಗಿ ಕಾಣೋದಿಲ್ಲ. ಅದು ಎರಡು ಮ್ಯುವಾನ್ (ಎಲೆಕ್ಟ್ರಾನ್ ತರಹದ್ದೇ, ಭಾರ ಜಾಸ್ತಿ ಇರೋ ಕಣ) ಅಥವಾ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ. ಆ ಎರಡು ಜಾಡುಗಳ ಶಕ್ತಿ ಕೂಡಿಸಿ, ಸಂವೇಗ ಕೂಡಿಸಿ, ಶಕ್ತಿಯ ವರ್ಗದಿಂದ ಸಂವೇಗದ ವರ್ಗ ಕಳೆದು, ವರ್ಗಮೂಲ ತೆಗೆಯಬೇಕು. 3097 ಎಂಇವಿ ಹತ್ತಿರ ಬಂದರೆ ಅದು ಜೆ/ಸೈ ಅಂತ ಇಟ್ಟುಕೊಳ್ಳೋದು. ಇದಕ್ಕೆ ಎರಡು ಪಯಾನ್ ಸೇರಿಸಿ ಇದೇ ಲೆಕ್ಕ ಮತ್ತೆ. ಪ್ರತಿ ಘಟನೆಗೂ ಒಂದು ಅಂಕಿ ಬರುತ್ತದೆ. ಎಲ್ಲವನ್ನೂ ಸಾಲಾಗಿ ಪಟ್ಟಿಗೆ ಹಾಕಿದರೆ 3686ರಲ್ಲಿ ಮೊದಲೇ ಗೊತ್ತಿದ್ದ ಸೈ(2ಎಸ್), ಅಂದರೆ ಜೆ/ಸೈಯ ಉತ್ತೇಜಿತ ರೂಪ, ದೊಡ್ಡದಾಗಿ ನಿಂತಿತ್ತು. ಬಲಕ್ಕೆ ಸ್ವಲ್ಪ ದೂರದಲ್ಲಿ, 3872ರಲ್ಲಿ, ಯಾರೂ ನಿರೀಕ್ಷೆ ಮಾಡದ ಒಂದು ಚೂಪು ಉಬ್ಬು. ಅದರಲ್ಲಿದ್ದದ್ದು ಸುಮಾರು 36 ಘಟನೆಗಳು ಮಾತ್ರ. ಆದರೆ ಹಿನ್ನೆಲೆ ಎಷ್ಟು ಶುಭ್ರವಾಗಿತ್ತು ಅಂದರೆ ಆ 36 ಸಾಕಾಯಿತು.

ಹೀಗಾಗಿ ಉಬ್ಬು ಎಲ್ಲಿದೆ, ಎಷ್ಟು ಅಗಲ, ಯಾವ ಚೂರುಗಳಾಗಿ ಒಡೆಯುತ್ತದೆ, ಚೂರುಗಳು ಯಾವ ಕೋನದಲ್ಲಿ ಹಾರುತ್ತವೆ, ಇಷ್ಟು ನಮ್ಮ ಕೈಯಲ್ಲಿರೋದು. ಒಡೆಯೋ ಮುಂಚೆ ಒಳಗೆ ಕ್ವಾರ್ಕ್‌ಗಳು ಹೇಗೆ ಕೂತಿದ್ದವು ಅನ್ನೋದನ್ನ ಇದರಿಂದಲೇ ಹಿಂದಕ್ಕೆ ಊಹಿಸಬೇಕು.

ಅನುಮಾನಪ್ಪ

ಉಬ್ಬುಗಳ ಬಗ್ಗೆ ಇಷ್ಟು ಭಕ್ತಿ ಬೇಡ. ಥೀಟಾ ಪ್ಲಸ್ ಕಥೆ ಯಾರಿಗೂ ನೆನಪಿಲ್ವಾ?

ಅದೇ 2003. ಅದೇ ಜಪಾನ್. ಸ್ಪ್ರಿಂಗ್-8ರ ಲೆಪ್ಸ್ ಪ್ರಯೋಗದವರು 1540 ಎಂಇವಿ ಹತ್ತಿರ ಐದು ಕ್ವಾರ್ಕಿನ ಕಣ ಅಂತ ಘೋಷಿಸಿದರು. ಉಬ್ಬಿನಲ್ಲಿ ಇಪ್ಪತ್ತರ ಆಸುಪಾಸು ಘಟನೆಗಳು, 4.6 ಸಿಗ್ಮಾ (ಸಿಗ್ಮಾ ಜಾಸ್ತಿ ಇದ್ದಷ್ಟೂ ಉಬ್ಬು ಬರೀ ಆಕಸ್ಮಿಕ ಅನ್ನೋ ಸಾಧ್ಯತೆ ಕಡಿಮೆ). ಸಿದ್ಧಾಂತಿಗಳು 1997ರಲ್ಲೇ 1530 ಅಂತ ಹೇಳಿಟ್ಟಿದ್ದರು, ಸರಿಯಾಗಿ ಹೊಂದಿಕೊಂಡಿತು. ನೋಡ ನೋಡುತ್ತಲೇ ಹತ್ತರಷ್ಟು ಪ್ರಯೋಗಗಳು "ನಮಗೂ ಕಂಡಿತು" ಅಂದವು. ಆಮೇಲೆ ಜೆಫರ್ಸನ್ ಲ್ಯಾಬಿನ ಕ್ಲಾಸ್ ತಂಡ ಹಲವು ಪಟ್ಟು ಜಾಸ್ತಿ ದತ್ತಾಂಶ ತೆಗೆದು 2005ರಲ್ಲಿ ನೋಡಿದರೆ ಏನೂ ಇಲ್ಲ. ಬಟ್ಟಬಯಲು. ಕಣಗಳ ಅಧಿಕೃತ ಪಟ್ಟಿಯಿಂದಲೂ ಹೆಸರು ಹೋಯಿತು.

ಇನ್ನೊಂದು. 2015ರ ಡಿಸೆಂಬರ್. ಸರ್ನ್‌ನ ಎಲ್‌ಎಚ್‌ಸಿ ಡಿಕ್ಕಿಯಂತ್ರದ ಎರಡು ಪ್ರಯೋಗಗಳಾದ ಅಟ್ಲಾಸ್ ಮತ್ತು ಸಿಎಂಎಸ್, ಎರಡಕ್ಕೂ 750 ಜಿಇವಿ (ಒಂದು ಜಿಇವಿ ಅಂದರೆ ಸಾವಿರ ಎಂಇವಿ) ಹತ್ತಿರ ಎರಡು ಫೋಟಾನ್‌ಗಳ ಉಬ್ಬು. ಅದರ ಮೇಲೆ ನೂರಾರು ಸಿದ್ಧಾಂತ ಲೇಖನಗಳು. 2016ರ ಆಗಸ್ಟ್ ಹೊತ್ತಿಗೆ ಹೊಸ ದತ್ತಾಂಶ ಬಂತು, ಉಬ್ಬು ಕರಗಿತು. ಹಾಗಾಗಿ ಒಳಗೆ ಏನಿದೆ ಅಂತ ಕೇಳೋ ಮುಂಚೆ ಕಣ ಇದೆಯಾ ಅಂತ ಕೇಳಿ.

ರಾತ್ರಿಪಾಳಿ

@ಅನುಮಾನಪ್ಪ ಅವರೇ, ಉದಾಹರಣೆ ಎರಡೂ ಸರಿ. ಆದರೆ ಎಕ್ಸ್(3872) ಆ ಸಾಲಿಗೆ ಸೇರೋದಿಲ್ಲ. 2003ರ ಆ 36 ಘಟನೆಗಳಿಂದ ಇವತ್ತಿಗೆ ಲೆಕ್ಕ ಹತ್ತಾರು ಸಾವಿರಕ್ಕೆ ಹೋಗಿದೆ. ದತ್ತಾಂಶ ಜಾಸ್ತಿ ಆದಷ್ಟೂ ಉಬ್ಬು ಇನ್ನೂ ಗಟ್ಟಿಯಾಯಿತು. ಥೀಟಾ ಪ್ಲಸ್‌ಗೆ ಆದದ್ದು ಇದರ ಉಲ್ಟಾ.

ಐದು ಸಿಗ್ಮಾ ಅನ್ನೋ ಮಿತಿ ಬಂದದ್ದು ಇದೇ ಕಾರಣಕ್ಕೆ. ಹಿನ್ನೆಲೆಯೇ ಸುಮ್ನೆ ಏರಿಳಿದು ಅಂಥ ಉಬ್ಬು ತೋರಿಸೋ ಸಾಧ್ಯತೆ 35 ಲಕ್ಷದಲ್ಲಿ ಒಂದು ಅನ್ನೋ ಹಾಗಿರಬೇಕು. ಮೂರು ಸಿಗ್ಮಾಗಳು ನಮ್ಮಲ್ಲಿ ಬರುತ್ತಾ ಹೋಗುತ್ತಾ ಇರುತ್ತವೆ, ಯಾಕೆಂದರೆ ಸಾವಿರ ಕಡೆ ಹುಡುಕಿದರೆ ಎಲ್ಲೋ ಒಂದು ಕಡೆ ಉಬ್ಬು ಕಾಣಲೇಬೇಕು.

ಸಿಗ್ಮಾಗಿಂತ ದೊಡ್ಡ ತಲೆನೋವು ಬೇರೆ ಇದೆ. ಎಲ್‌ಎಚ್‌ಸಿಬಿಯ ಪೆಂಟಾಕ್ವಾರ್ಕ್, ಅಂದರೆ ಐದು ಕ್ವಾರ್ಕಿನ ಕಣ, ತಗೊಳ್ಳಿ (ಇದೂ ಸರ್ನ್‌ನ ಎಲ್‌ಎಚ್‌ಸಿಯ ಒಂದು ಪ್ರಯೋಗ). ಲ್ಯಾಮ್ಡಾ-ಬಿ ಅನ್ನೋ ಬೇರಿಯಾನ್ ಒಡೆದು ಜೆ/ಸೈ, ಪ್ರೋಟಾನ್, ಕೇಯಾನ್ ಮೂರೂ ಬರುತ್ತವೆ. ಮೂರು ಚೂರು ಇದ್ದಾಗ ನಾವು ಡಾಲಿಟ್ಜ್ ಚಿತ್ರ ಹಾಕ್ತೀವಿ. ಅಡ್ಡ ಅಕ್ಷದಲ್ಲಿ ಕೇಯಾನ್–ಪ್ರೋಟಾನ್ ಜೋಡಿಯ ದ್ರವ್ಯರಾಶಿಯ ವರ್ಗ, ಲಂಬ ಅಕ್ಷದಲ್ಲಿ ಜೆ/ಸೈ–ಪ್ರೋಟಾನ್ ಜೋಡಿಯದು. ಒಂದು ಘಟನೆಗೆ ಒಂದು ಚುಕ್ಕಿ. ಕೇಯಾನ್–ಪ್ರೋಟಾನ್ ಕಡೆ ಎಷ್ಟೋ ಹಳೇ ಕಣಗಳಿವೆ, ಎಲ್ಲ ಲ್ಯಾಮ್ಡಾ ಕುಟುಂಬದವು. ಅವು ಲಂಬ ಪಟ್ಟಿಗಳಾಗಿ ಕಾಣಬೇಕು. ಕಂಡವು. ಅದರ ಜೊತೆಗೆ ಯಾರೂ ಕೇಳದೇ ಇದ್ದ ಒಂದು ಅಡ್ಡ ಪಟ್ಟಿಯೂ ಇತ್ತು. ಅಂದರೆ ಜೆ/ಸೈ ಮತ್ತು ಪ್ರೋಟಾನ್ ಸೇರಿ ಒಂದು ಕಣ ಆಗಿ ಆಮೇಲೆ ಒಡೆದಿವೆ. ಚಾರ್ಮ್, ಪ್ರತಿಚಾರ್ಮ್, ಎರಡು ಅಪ್, ಒಂದು ಡೌನ್. ಒಟ್ಟು ಐದು ಕ್ವಾರ್ಕ್.

ಆದರೆ ಪಟ್ಟಿ ಕಂಡ ಕೂಡಲೇ ಓಡಿಹೋಗಿ ಹೇಳೋ ಹಾಗಿಲ್ಲ. ಒಂದು ಅಕ್ಷದ ಕಣ ಇನ್ನೊಂದು ಅಕ್ಷದ ಮೇಲೆ ಸುಳ್ಳು ಉಬ್ಬು ಮೂಡಿಸಬಹುದು. ಲಾಂದ್ರ ಒಂದು ಕಡೆ ಇದ್ದು ನೆರಳು ಎದುರು ಗೋಡೆ ಮೇಲೆ ಬಿದ್ದ ಹಾಗೆ. ಅದಕ್ಕೇ ದ್ರವ್ಯರಾಶಿ ಒಂದೇ ಸಾಲದು, ಎಲ್ಲ ಕೋನಗಳನ್ನೂ ಒಟ್ಟಿಗೆ ಸೇರಿಸಿ, ಗೊತ್ತಿರೋ ಲ್ಯಾಮ್ಡಾಗಳನ್ನೆಲ್ಲ ಹಾಕಿ, ಅವುಗಳ ನಡುವಿನ ವ್ಯತಿಕರಣವನ್ನೂ ಲೆಕ್ಕಕ್ಕೆ ತಗೊಂಡು ನೋಡಬೇಕು. ಸುಮಾರು 26,000 ಲ್ಯಾಮ್ಡಾ-ಬಿ ಘಟನೆಗಳ ಮೇಲೆ ಇದನ್ನು ಮಾಡಿದರು. ಲ್ಯಾಮ್ಡಾಗಳು ಮಾತ್ರ ಇಟ್ಟರೆ ಅಡ್ಡ ಪಟ್ಟಿ ಬರಲೇ ಇಲ್ಲ. 2015ರ ಜುಲೈನಲ್ಲಿ ಪಿ-ಸಿ(4380), ಪಿ-ಸಿ(4450) ಅಂತ ಎರಡು ಕಣ ಘೋಷಣೆ ಆಯಿತು.

ಬರಿಗಣ್ಣು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕ್ವಾರ್ಕ್ ಯಾರಿಗೂ ಬಿಡಿಯಾಗಿ ಕಾಣೋದಿಲ್ಲ ಅಂತೀರಿ. ಹಾಗಿದ್ದರೆ ನಾಲ್ಕು ಇದೆ, ಐದು ಇದೆ ಅಂತ ಎಣಿಸೋದು ಹೇಗೆ?

ರಾತ್ರಿಪಾಳಿ

ವಿದ್ಯುದಂಶ ನೋಡಿ. ಇದಕ್ಕೆ ಅತಿ ಸರಳ ಉದಾಹರಣೆ ಝಡ್-ಸಿ(3900). 2013ರಲ್ಲಿ ಬೀಜಿಂಗಿನ ಬಿಇಎಸ್-3 ಮತ್ತು ಬೆಲ್, ಇಬ್ಬರಿಗೂ ಕಂಡದ್ದು. ಅದು ಜೆ/ಸೈ ಮತ್ತು ವಿದ್ಯುದಂಶ ಇರೋ ಒಂದು ಪಯಾನ್ ಆಗಿ ಒಡೆಯುತ್ತದೆ. ಜೆ/ಸೈ ಬಂತು ಅಂದರೆ ಒಳಗೆ ಚಾರ್ಮ್, ಪ್ರತಿಚಾರ್ಮ್ ಇದ್ದವು ಅಂತಲೇ ಅರ್ಥ. ಅಷ್ಟು ಭಾರದ ಜೋಡಿ ಒಡೆಯೋ ಹೊತ್ತಿಗೆ ಸುಮ್ನೆ ಹುಟ್ಟಿಕೊಳ್ಳೋದು ತೀರಾ ಅಪರೂಪ. ಆ ಜೋಡಿಯ ಒಟ್ಟು ವಿದ್ಯುದಂಶ ಸೊನ್ನೆ. ಆದರೆ ಕಣಕ್ಕೆ ವಿದ್ಯುದಂಶ ಇದೆ. ಹಾಗಾದರೆ ಇನ್ನೂ ಎರಡು ಇರಲೇಬೇಕು, ಉದಾಹರಣೆಗೆ ಒಂದು ಅಪ್, ಒಂದು ಪ್ರತಿಡೌನ್. ಕನಿಷ್ಠ ನಾಲ್ಕು.

ಎಕ್ಸ್(3872) ಜಗಳ ಇಷ್ಟು ಎಳೆದದ್ದಕ್ಕೂ ಇದೇ ಒಂದು ಕಾರಣ. ಅದಕ್ಕೆ ವಿದ್ಯುದಂಶ ಇಲ್ಲ. ಬರೀ ಚಾರ್ಮ್–ಪ್ರತಿಚಾರ್ಮ್ ಅಂತಲೂ ವಾದ ಮಾಡಬಹುದು.

ಸೀಮೆಸುಣ್ಣ

ಈಗ ಮೂಲ ಪ್ರಶ್ನೆಗೆ ಬರೋಣ. ಮೊದಲು ಒಂದು ತಪ್ಪು ಕಲ್ಪನೆ ತೆಗೀಬೇಕು. "ಎರಡು ಅಥವಾ ಮೂರು ಮಾತ್ರ" ಅಂತ ನಿಯಮ ಯಾವತ್ತೂ ಇರಲಿಲ್ಲ. 1964ರಲ್ಲಿ ಮರ್ರೆ ಗೆಲ್-ಮನ್ ಕ್ವಾರ್ಕ್ ಕಲ್ಪನೆ ಮುಂದಿಟ್ಟ ಆ ಎರಡು ಪುಟದ ಲೇಖನದಲ್ಲೇ ನಾಲ್ಕರ ಗುಂಪು, ಐದರ ಗುಂಪು ಎರಡನ್ನೂ ಬರೆದಿದ್ದಾರೆ. ಬಣ್ಣದ (ಕ್ವಾರ್ಕ್‌ಗಳ ಒಂದು ಬಗೆಯ ಅಂಶ, ನಿಜವಾದ ಬಣ್ಣ ಅಲ್ಲ) ಲೆಕ್ಕ ಹೊಂದಿದರೆ, ಕ್ವಾರ್ಕ್‌ಗಳನ್ನು ಹಿಡಿದಿಡೋ ಪ್ರಬಲ ಬಲಕ್ಕೆ ತಕರಾರಿಲ್ಲ. ಕ್ವಾರ್ಕ್‌ಗಳೇ ಇಲ್ಲದ, ಬರೀ ಗ್ಲೂವಾನ್‌ಗಳ (ಆ ಬಲವನ್ನು ಹೊರೋ ಕಣಗಳ) ಗ್ಲೂಬಾಲ್‌ಗೂ ತಕರಾರಿಲ್ಲ.

ಎಕ್ಸ್(3872) ಒಳಗೆ ಏನು ಅನ್ನೋದಕ್ಕೆ ಮುಖ್ಯವಾಗಿ ಮೂರು ಚಿತ್ರ ಇವೆ. ಒಂದು, ಮಾಮೂಲಿ ಚಾರ್ಮ್–ಪ್ರತಿಚಾರ್ಮ್ ಜೋಡಿ, ಸ್ವಲ್ಪ ಉತ್ತೇಜಿತ ಸ್ಥಿತಿಯಲ್ಲಿ. 2013ರಲ್ಲಿ ಎಲ್‌ಎಚ್‌ಸಿಬಿ ಅದರ ಸ್ಪಿನ್ 1, ಪ್ಯಾರಿಟಿ (ಕನ್ನಡಿಯಲ್ಲಿ ತಿರುಗಿಸಿದಾಗ ಚಿಹ್ನೆ ಬದಲಾಗುತ್ತದಾ ಇಲ್ವಾ ಅನ್ನೋ ಗುಣ) ಧನ ಅಂತ ಕೋನಗಳಿಂದ ಖಚಿತ ಮಾಡಿತು. ಆ ಗುಣಗಳಿರೋ ಜೋಡಿ ಇದೆ. ಆದರೆ ಹಳೇ ಕ್ವಾರ್ಕ್ ಮಾದರಿಗಳು ಅದನ್ನು 3950ರ ಆಸುಪಾಸು ಇಡುತ್ತವೆ. 80 ಎಂಇವಿ ವ್ಯತ್ಯಾಸ ಈ ಲೋಕದಲ್ಲಿ ಚಿಕ್ಕದಲ್ಲ. ಎರಡು, ನಾಲ್ಕು ಕ್ವಾರ್ಕ್ ಒಂದೇ ಗುಂಪಾಗಿ ಒತ್ತಿಕೊಂಡಿರೋ ಬಿಗಿ ಟೆಟ್ರಾಕ್ವಾರ್ಕ್. ಮೂರು, ಎರಡು ಮೆಸಾನ್ ತಮ್ಮ ತಮ್ಮ ರೂಪ ಉಳಿಸಿಕೊಂಡು ದೂರದಿಂದ ಒಂದನ್ನೊಂದು ಹಿಡಿದುಕೊಂಡಿರೋ ಅಣು.

ಅಣು ಅನ್ನೋರ ಕೈಲಿ ಒಂದು ಬಲವಾದ ಅಂಕಿ ಇದೆ. ಒಂದು ಚಾರ್ಮ್, ಒಂದು ಹಗುರ ಪ್ರತಿಕ್ವಾರ್ಕ್ ಸೇರಿದ, ವಿದ್ಯುದಂಶ ಇಲ್ಲದ ಡಿ-ಸೊನ್ನೆ ಮೆಸಾನ್ 1864.84 ಎಂಇವಿ. ಅದರ ಉತ್ತೇಜಿತ ರೂಪ ಡಿ-ಸ್ಟಾರ್-ಸೊನ್ನೆ 2006.85. ಕೂಡಿಸಿ: 3871.69. ಎಕ್ಸ್‌ನ ದ್ರವ್ಯರಾಶಿಯೂ ಸುಮಾರು 3871.65. ಎಲ್‌ಎಚ್‌ಸಿಬಿ 2020ರಲ್ಲಿ ಈ ಅಂತರವನ್ನು 0.07 ಎಂಇವಿ ಅಂತ ಅಳೆಯಿತು, ತಪ್ಪಿನ ಮಿತಿ 0.12. ಅಂದರೆ ಸೊನ್ನೆಯೂ ಇರಬಹುದು. ಇದು ಕಾಕತಾಳೀಯ ಅನ್ನೋಕೆ ಧೈರ್ಯ ಬೇಕು.

ಈ ಅಂತರದಿಂದ ಗಾತ್ರ ಸಿಗುತ್ತದೆ. ಬಂಧಶಕ್ತಿ ಕಡಿಮೆ ಇದ್ದಷ್ಟೂ ಜೋಡಿ ದೂರ ದೂರ. ಸೂತ್ರ ಸುಲಭ: 197 ಅನ್ನು, (2 × ಇಳಿಕೆಯ ದ್ರವ್ಯರಾಶಿ × ಬಂಧಶಕ್ತಿ) ಇದರ ವರ್ಗಮೂಲದಿಂದ ಭಾಗಿಸಿ. ಇಳಿಕೆಯ ದ್ರವ್ಯರಾಶಿ ಅಂದರೆ ಎರಡು ದ್ರವ್ಯರಾಶಿಗಳ ಗುಣಲಬ್ಧ ಭಾಗಿಸು ಅವುಗಳ ಮೊತ್ತ. ಅಂಕಿಗಳು ಎಂಇವಿಯಲ್ಲಿ, ಉತ್ತರ ಫೆಮ್ಟೋಮೀಟರಿನಲ್ಲಿ (ಮೀಟರಿನ 10ರ ಘಾತ ಮೈನಸ್ 15). ಈ ಎರಡು ಡಿ ಮೆಸಾನ್‌ಗಳ ಇಳಿಕೆಯ ದ್ರವ್ಯರಾಶಿ ಸುಮಾರು 967. ಬಂಧಶಕ್ತಿ 0.1 ಅಂತ ಇಟ್ಟುಕೊಳ್ಳಿ. ವರ್ಗಮೂಲ 13.9. ಉತ್ತರ 14 ಫೆಮ್ಟೋಮೀಟರ್.

ಕುತೂಹಲಿ_42

14? ಪ್ರೋಟಾನಿನ ತ್ರಿಜ್ಯವೇ 0.84 ಅಲ್ವಾ? ಹಾಗಿದ್ದರೆ ಇದು ಸೀಸದ ನ್ಯೂಕ್ಲಿಯಸ್‌ಗಿಂತ ದೊಡ್ಡದು!

ಸೀಮೆಸುಣ್ಣ

ಹೌದು, ಅಣು ಆಗಿದ್ದರೆ. ಇದೇ ಸೂತ್ರವನ್ನು ಡ್ಯೂಟರಾನ್‌ಗೆ (ಭಾರ ಜಲಜನಕದ ನ್ಯೂಕ್ಲಿಯಸ್) ಹಾಕಿ. ಪ್ರೋಟಾನ್, ನ್ಯೂಟ್ರಾನ್ ಎರಡೂ 2.2 ಎಂಇವಿಯಲ್ಲಿ ಹಿಡಿದುಕೊಂಡಿರುತ್ತವೆ. 4.3 ಫೆಮ್ಟೋಮೀಟರ್ ಬರುತ್ತದೆ. ಡ್ಯೂಟರಾನನ್ನೇ ನಾವು ಸಡಿಲ ಅಂತೀವಿ. ಎಕ್ಸ್ ಅದಕ್ಕಿಂತ ಮೂರು ಪಟ್ಟು ಸಡಿಲ.

ಅಣುವಿನ ಪರ ಇನ್ನೊಂದು ಸಾಕ್ಷಿ. ಎಕ್ಸ್ ಒಡೆದಾಗ ಜೆ/ಸೈ ಜೊತೆ ಕೆಲವೊಮ್ಮೆ ರೋ, ಕೆಲವೊಮ್ಮೆ ಒಮೆಗಾ ಅನ್ನೋ ಹಗುರ ಮೆಸಾನ್ ಬರುತ್ತದೆ, ಹೆಚ್ಚುಕಡಿಮೆ ಸಮಸಮ. ಐಸೊಸ್ಪಿನ್ ನಿಯಮ (ಪ್ರಬಲ ಬಲ ಅಪ್, ಡೌನ್ ಎರಡನ್ನೂ ಸಮನಾಗಿ ನೋಡುತ್ತದೆ ಅನ್ನೋದು) ಸರಿಯಾಗಿ ಪಾಲಿಸುವ ಕಣ ಎರಡರಲ್ಲಿ ಒಂದನ್ನು ಬಿಡಬೇಕಿತ್ತು. ವಿದ್ಯುದಂಶ ಇರೋ ಡಿ ಜೋಡಿಯ ಮೊತ್ತ 8 ಎಂಇವಿ ಮೇಲಿದೆ. ಎಕ್ಸ್‌ಗೆ ಅಲ್ಲಿಗೆ ಕೈ ಎಟುಕೋದಿಲ್ಲ. ಹಾಗಾಗಿ ಅದರಲ್ಲಿ ಹೆಚ್ಚಿನ ಪಾಲು ವಿದ್ಯುದಂಶ ಇಲ್ಲದ ಜೋಡಿಯೇ, ಅಪ್ ಮತ್ತು ಡೌನ್ ನಡುವಿನ ಸಮತೋಲ ಅಲ್ಲೇ ಕೆಟ್ಟಿತು. ಅಣು ಚಿತ್ರದಲ್ಲಿ ಇದು ತಾನಾಗೇ ಬರುತ್ತದೆ.

ಉಬ್ಬುತಗ್ಗು

ಸರ್, ಆದರೆ ಕತೆಯ ಇನ್ನೊಂದು ಪಕ್ಕ ಹೇಳಲೇಬೇಕು.

14 ಫೆಮ್ಟೋಮೀಟರಿನ ಇಂಥ ಸಡಿಲ ಜೋಡಿ ಪ್ರೋಟಾನ್ ಡಿಕ್ಕಿಯ ಗದ್ದಲದಲ್ಲಿ ಹೇಗೆ ಉಳಿಯುತ್ತದೆ? ಫರ್ಮಿಲ್ಯಾಬಿನ ಟೆವಟ್ರಾನ್‌ನಲ್ಲಿ ಸಿಡಿಎಫ್ ನೋಡಿದಾಗ ಬಹುಪಾಲು ಎಕ್ಸ್‌ಗಳು ಬಿ ಮೆಸಾನಿನಿಂದ ಬಂದವಲ್ಲ, ಡಿಕ್ಕಿಯಲ್ಲೇ ನೇರವಾಗಿ ಹುಟ್ಟಿದವು. ಸಿಎಂಎಸ್ ಕೂಡ ಅದನ್ನೇ ನೋಡಿತು, ಅದೂ ಅಡ್ಡ ಸಂವೇಗ (ಡಿಕ್ಕಿ ಕಿರಣಕ್ಕೆ ಅಡ್ಡಲಾಗಿರೋ ಸಂವೇಗ) 10ರಿಂದ 50 ಜಿಇವಿ ಇರೋ ಕಡೆ. ಎರಡು ಡಿ ಮೆಸಾನ್ ಬೇರೆ ಬೇರೆಯಾಗಿ ಹುಟ್ಟಿ, ಆಮೇಲೆ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಹೋಗ್ತಾ ಕೈ ಹಿಡಿದುಕೊಂಡವು ಅನ್ನೋದು ನಂಬೋಕೆ ಕಷ್ಟ. ಡ್ಯೂಟರಾನ್‌ಗಳು ಸಂವೇಗ ಏರಿದಂತೆ ಬೇಗ ಕಡಿಮೆ ಆಗ್ತಾವೆ. ಎಕ್ಸ್ ಹಾಗೆ ಮಾಡೋದಿಲ್ಲ. ಸೈ(2ಎಸ್) ಎಂಬ ಬಿಗಿ ಕಣದ ಹಾಗೇ ನಡೆದುಕೊಳ್ಳುತ್ತದೆ.

ಎರಡನೇದು, ಫೋಟಾನ್ ಬಿಟ್ಟು ಒಡೆಯೋ ದಾರಿ. ಎಕ್ಸ್ ಒಂದು ಫೋಟಾನ್ ಬಿಟ್ಟು ಸೈ(2ಎಸ್) ಆಗಬಹುದು, ಅಥವಾ ಜೆ/ಸೈ ಆಗಬಹುದು. ಮೊದಲನೇದು ಎರಡನೇದರ ಎಷ್ಟು ಪಟ್ಟು ಅಂತ ಎಲ್‌ಎಚ್‌ಸಿಬಿ 2024ರಲ್ಲಿ ಹೇಳಿದ್ದು ಸುಮಾರು 1.67. ಬರೀ ಅಣು ಅಂತ ಇಟ್ಟು ಮಾಡಿದ ಬಹುತೇಕ ಲೆಕ್ಕಗಳಲ್ಲಿ ಇದು 1ಕ್ಕಿಂತ ತುಂಬಾ ಕಡಿಮೆ. ಒಳಗೆ ಸ್ವಲ್ಪವಾದರೂ ಬಿಗಿ ತಿರುಳು ಇದೆ ಅಂತ ಇದರಿಂದ ಅನಿಸುತ್ತದೆ. ತಮಾಷೆ ಏನಂದರೆ ಬಿಇಎಸ್-3 ಹುಡುಕಿದಾಗ ಅವರಿಗೆ ಸೈ(2ಎಸ್) ದಾರಿ ಕಾಣಲೇ ಇಲ್ಲ, ಅವರ ಮೇಲ್ಮಿತಿ 0.59. ಎರಡು ಪ್ರಯೋಗಗಳ ನಡುವಿನ ಈ ಜಟಾಪಟಿ ಇನ್ನೂ ಮುಗಿದಿಲ್ಲ.

ಮೂರನೇದು ನನಗೆ ತುಂಬಾ ಇಷ್ಟ. ಡಿಕ್ಕಿಯಲ್ಲಿ ಹುಟ್ಟೋ ಜಾಡುಗಳು ಜಾಸ್ತಿ ಇದ್ದಷ್ಟೂ, ಸೈ(2ಎಸ್) ಎದುರು ಎಕ್ಸ್‌ನ ಪ್ರಮಾಣ ಕಡಿಮೆ ಆಗುತ್ತದೆ ಅಂತ ಎಲ್‌ಎಚ್‌ಸಿಬಿ 2021ರಲ್ಲಿ ತೋರಿಸಿತು. ಅಕ್ಕಪಕ್ಕದ ಕಣಗಳು ಬಡಿದು ಅದನ್ನು ಒಡೆಯುತ್ತಿರಬಹುದು. ಸರಿ, ಸಡಿಲ ಅಣು ಅಂತ ಗೊತ್ತಾಯ್ತಲ್ಲ ಅಂತೀರಾ? ಒಂದು ಗುಂಪು ಇದೇ ಚುಕ್ಕಿಗಳಿಂದ ಬಿಗಿ ಟೆಟ್ರಾಕ್ವಾರ್ಕ್ ಅಂತ ಲೇಖನ ಬರೆಯಿತು, ಇನ್ನೊಂದು ಗುಂಪು ಇದೇ ಚುಕ್ಕಿಗಳಿಂದ ಅಣು ಅಂತ ಬರೆಯಿತು.

ಅನುಮಾನಪ್ಪ

ಅದನ್ನೇ ನಾನು ಹೇಳೋದು. ಮಾದರಿಗೆ ಬೇಕಾದಷ್ಟು ತಿರುಪು ಇದ್ದರೆ ಯಾವ ಚುಕ್ಕಿಗೂ ಗೆರೆ ಎಳೀಬಹುದು.

ನಾಲ್ಕನೇ ಚಿತ್ರವನ್ನು ಯಾರೂ ಹೇಳಲಿಲ್ಲ. ಕಣವೇ ಇಲ್ಲದೆ ಉಬ್ಬು ಬರಬಹುದು. ಎರಡು ಮೆಸಾನ್ ಹುಟ್ಟೋಕೆ ಬೇಕಾದ ಶಕ್ತಿಯ ಹೊಸ್ತಿಲು ಬಂದ ಕೂಡಲೇ ಹೊಸ ದಾರಿ ತೆರೆಯುತ್ತದೆ, ಆ ಜಾಗದಲ್ಲಿ ವಕ್ರರೇಖೆ ತಾನಾಗೇ ಚೂಪಾಗುತ್ತದೆ. ಮಧ್ಯೆ ಹುಟ್ಟಿದ ಮೂರು ಕಣಗಳು ತ್ರಿಕೋನದ ಹಾಗೆ ಸುತ್ತಿ ಮತ್ತೆ ಡಿಕ್ಕಿ ಹೊಡೆದರೂ ಇಂಥದ್ದೇ ಒಂದು ಉಬ್ಬು. ಈ ವಿಲಕ್ಷಣ ಕಣಗಳು ಎಷ್ಟೋ ಇಂಥ ಹೊಸ್ತಿಲುಗಳ ಪಕ್ಕದಲ್ಲೇ ಯಾಕಿವೆ ಅಂತ ಕೇಳಿದ್ದೀರಾ?

ಸೀಮೆಸುಣ್ಣ

ಕೇಳಿದ್ದೇವೆ, ಸ್ವಾಮಿ. ಝಡ್-ಸಿಗಳ ಬಗ್ಗೆ ಆ ಅನುಮಾನ ಇವತ್ತಿಗೂ ಜೀವಂತ. ಆದರೆ ಹೊಸ್ತಿಲಿನ ಚೂಪು ಇಷ್ಟು ಕಿರಿದಾಗಿ ಇರೋದು ಕಷ್ಟ. ಎಕ್ಸ್‌ನ ಅಗಲ ಸುಮಾರು 1.2 ಎಂಇವಿ. ಅಷ್ಟು ಚೂಪಾಗಬೇಕಾದರೆ ಅಲ್ಲಿ ಆಕರ್ಷಣೆ ಎಷ್ಟು ಜೋರಾಗಿರಬೇಕು ಅಂದರೆ ಹತ್ತಿರದಲ್ಲೇ ಒಂದು ನಿಜವಾದ ಧ್ರುವ, ಅಂದರೆ ಒಂದು ಸ್ಥಿತಿ, ಇರಲೇಬೇಕಾಗುತ್ತದೆ.

ಹೊಸ್ತಿಲ ಪಕ್ಕ ಯಾಕೆ ಅನ್ನೋದು ಅಣು ಪಕ್ಷಕ್ಕೇ ಅನುಕೂಲ. 2019ರಲ್ಲಿ ಎಲ್‌ಎಚ್‌ಸಿಬಿ ಒಂಬತ್ತು ಪಟ್ಟು ದತ್ತಾಂಶ ಹಾಕಿ ಪೆಂಟಾಕ್ವಾರ್ಕ್‌ಗಳನ್ನು ಮತ್ತೆ ನೋಡಿತು. 2015ರ ಪಿ-ಸಿ(4450) ಒಂದಲ್ಲ, ಎರಡು: 4440 ಮತ್ತು 4457. ಕೆಳಗೆ ಹೊಸದಾಗಿ 4312, ಅದೂ 7.3 ಸಿಗ್ಮಾ. ಈಗ ಸಿಗ್ಮಾ-ಸಿ ಬೇರಿಯಾನ್ ಮತ್ತು ಪ್ರತಿಡಿ ಮೆಸಾನ್ ಕೂಡಿಸಿ ನೋಡಿ: 4312ರಿಂದ ಸ್ವಲ್ಪವೇ ಮೇಲೆ. ಸಿಗ್ಮಾ-ಸಿ ಮತ್ತು ಪ್ರತಿಡಿ-ಸ್ಟಾರ್ ಕೂಡಿಸಿ: 4457ರಿಂದ ಕೂದಲೆಳೆ ಮೇಲೆ. ಮೂರೂ ಹೊಸ್ತಿಲಿನ ಕೆಳಗೇ, ಮೂರೂ ಕಿರಿದು. ಎರಡನೇ ಹೊಸ್ತಿಲಿನಲ್ಲಿ ಸ್ಪಿನ್‌ಗಳು ಎರಡು ರೀತಿ ಸೇರಬಹುದು, ಅಲ್ಲಿ ಎರಡು ಕಣ ಇವೆ. ಮೊದಲನೇ ಹೊಸ್ತಿಲಿನಲ್ಲಿ ಒಂದೇ ರೀತಿ, ಅಲ್ಲಿ ಒಂದೇ ಕಣ. ಪೆಂಟಾಕ್ವಾರ್ಕ್ ವಿಚಾರದಲ್ಲಿ ನಾನು ಅಣು ಪಕ್ಷವೇ.

ಆದರೆ ಎಲ್ಲಕ್ಕೂ ಒಂದೇ ಉತ್ತರ ಅಂತ ಹಟ ಹಿಡಿಯಬಾರದು. 2020ರಲ್ಲಿ ಎರಡು ಜೆ/ಸೈ ಜೋಡಿಯಲ್ಲಿ ಎಕ್ಸ್(6900) ಕಂಡಿತು, ಆಮೇಲೆ ಸಿಎಂಎಸ್, ಅಟ್ಲಾಸ್ ಕೂಡ ನೋಡಿದವು. ನಾಲ್ಕೂ ಚಾರ್ಮ್ ಜಾತಿಯವೇ. ಇಲ್ಲಿ ಪಯಾನ್ ವಿನಿಮಯ ಮಾಡಿಕೊಂಡು ಕೈ ಹಿಡಿಯೋಕೆ ಹಗುರ ಕ್ವಾರ್ಕ್‌ಗಳೇ ಇಲ್ಲ. ಅಣು ವಿವರಣೆ ಇಲ್ಲಿ ತಿಣುಕಾಡುತ್ತದೆ.

ಬರಿಗಣ್ಣು

ಈ ಕಣಗಳು ಡಾರ್ಕ್ ಮ್ಯಾಟರ್ ಆಗಿರಬಹುದಾ?

ಉಬ್ಬುತಗ್ಗು

ಇಲ್ಲಿ ಮಾತಾಡ್ತಿರೋ ಯಾವುದೂ ಅಲ್ಲ. ಹುಟ್ಟಿದ ಕ್ಷಣಕ್ಕೇ ಒಡೆಯುತ್ತವೆ. ಎರಡು ಅಪ್, ಎರಡು ಡೌನ್, ಎರಡು ಸ್ಟ್ರೇಂಜ್ ಸೇರಿದ ಆರು ಕ್ವಾರ್ಕಿನ ಕಣದ ಬಗ್ಗೆ 1977ರಿಂದ ಮಾತು ಇದೆ. ಅದು ಸಾಕಷ್ಟು ಹಗುರವಾಗಿದ್ದರೆ ಬಹುಕಾಲ ಬದುಕಬಹುದು, ಡಾರ್ಕ್ ಮ್ಯಾಟರ್ ಆಗಬಹುದು ಅಂತ ಕೆಲವರ ವಾದ. ಹುಡುಕಾಟ ಬಹಳ ನಡೆದಿದೆ, ಸಿಕ್ಕಿಲ್ಲ.

ಕುತೂಹಲಿ_42

ಈಗ ನನಗೆ ಅರ್ಥ ಆದದ್ದು: ದ್ರವ್ಯರಾಶಿ ಅಣು ಅನ್ನುತ್ತದೆ, ಡಿಕ್ಕಿಯಲ್ಲಿ ಹುಟ್ಟೋ ರೀತಿ ಬಿಗಿ ಕಣ ಅನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸೋದು ಬಿಟ್ಟು ಎರಡೂ ಇರೋಕೆ ಸಾಧ್ಯ ಇಲ್ವಾ?

ಸೀಮೆಸುಣ್ಣ

ಸಾಧ್ಯ. ನನ್ನ ಪ್ರಕಾರ ಉತ್ತರವೇ ಅದು. ಕ್ವಾಂಟಮ್ ಲೆಕ್ಕದಲ್ಲಿ ಒಂದೇ ಸ್ಪಿನ್, ಒಂದೇ ಪ್ಯಾರಿಟಿ ಇರೋ ಸ್ಥಿತಿಗಳು ಬೆರೆಯದೇ ಇರಲಾರವು. ಚಾರ್ಮ್–ಪ್ರತಿಚಾರ್ಮ್ ಜೋಡಿ 3950ರಲ್ಲಿ ಕೂತಿದೆ, ಅದು ಕೆಳಗಿನ ಡಿ ಜೋಡಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ಹುಟ್ಟಿಬರೋದು ಎರಡರ ಮಿಶ್ರಣ. ದೂರದಲ್ಲಿ ನೋಡಿದರೆ ಎರಡು ಮೆಸಾನ್, ಮಧ್ಯದಲ್ಲಿ ಚಿಕ್ಕ ಬಿಗಿ ತಿರುಳು. ಡಿಕ್ಕಿಯಲ್ಲಿ ಹುಟ್ಟೋವಾಗ ಮತ್ತು ಫೋಟಾನ್ ಬಿಡೋವಾಗ ತಿರುಳು ಮಾತಾಡುತ್ತದೆ. ದ್ರವ್ಯರಾಶಿ, ಐಸೊಸ್ಪಿನ್ ವಿಚಾರದಲ್ಲಿ ಹೊರಗಿನ ಬಾಲ ಮಾತಾಡುತ್ತದೆ. ಜಗಳ ಉಳಿದಿರೋದು ಎಷ್ಟು ಪಾಲು ಅದು, ಎಷ್ಟು ಪಾಲು ಇದು ಅನ್ನೋದರಲ್ಲಿ.

ರಾತ್ರಿಪಾಳಿ

ಆ ಪಾಲು ಅಳೆಯೋಕೆ ಉಬ್ಬಿನ ನಿಖರ ಆಕಾರ ಬೇಕು. ಹೊಸ್ತಿಲಿನ ಎಡಕ್ಕೆ ಹೇಗೆ ಇಳಿಯುತ್ತದೆ, ಬಲಕ್ಕೆ ಹೇಗೆ ಇಳಿಯುತ್ತದೆ ಅನ್ನೋದು. ತೊಡಕು ಏನಂದರೆ ಎಲ್‌ಎಚ್‌ಸಿಬಿಗೆ ಈ ದಾರಿಯಲ್ಲಿ ದ್ರವ್ಯರಾಶಿಯ ಸ್ಪಷ್ಟತೆ ಎರಡೂವರೆಯಿಂದ ಮೂರು ಎಂಇವಿ. ಉಬ್ಬಿನ ಅಗಲಕ್ಕಿಂತ ನಮ್ಮ ಕನ್ನಡಕದ ಮಸುಕೇ ಜಾಸ್ತಿ. ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಯೋಜಿಸಿದ ಪಾಂಡಾ ಪ್ರಯೋಗದಲ್ಲಿ ಬೇರೆ ಉಪಾಯ ಇದೆ. ಪ್ರತಿಪ್ರೋಟಾನ್ ಕಿರಣದ ಶಕ್ತಿಯನ್ನೇ ಚೂರುಚೂರಾಗಿ ಏರಿಸುತ್ತಾ ಹೋಗೋದು, ಪ್ರತಿ ಹೆಜ್ಜೆಗೂ ಎಷ್ಟು ಎಕ್ಸ್ ಹುಟ್ಟಿತು ಅಂತ ಎಣಿಸೋದು. ಅಲ್ಲಿ ಸ್ಪಷ್ಟತೆ ಬರೋದು ಕಿರಣದಿಂದ, ಪತ್ತೆಯಂತ್ರದಿಂದಲ್ಲ.

ಅಲ್ಲಿಯವರೆಗೆ ನಾನು ಟಿ-ಸಿ-ಸಿ(3875) ಮೇಲೆ ಕಣ್ಣಿಟ್ಟಿದ್ದೀನಿ. 2021ರಲ್ಲಿ ಎಲ್‌ಎಚ್‌ಸಿಬಿಯಲ್ಲಿ ಕಂಡದ್ದು. ಎರಡು ಚಾರ್ಮ್, ಒಂದು ಪ್ರತಿಅಪ್, ಒಂದು ಪ್ರತಿಡೌನ್. ಎರಡೂ ಚಾರ್ಮ್, ಪ್ರತಿಚಾರ್ಮ್ ಒಂದೂ ಇಲ್ಲ. ಹಾಗಾಗಿ ಇದು ಮಾಮೂಲಿ ಜೋಡಿ ಅನ್ನೋ ವಾದಕ್ಕೆ ಜಾಗವೇ ಇಲ್ಲ. ಹೊಸ್ತಿಲಿನಿಂದ ಸುಮಾರು 0.36 ಎಂಇವಿ ಕೆಳಗಿದೆ. ಅಗಲ 48 ಕೆಇವಿ, ಅಂದರೆ 0.048 ಎಂಇವಿ ಅಷ್ಟೇ.

ಬರಿಗಣ್ಣು

ಸೀಮೆಸುಣ್ಣ ಸರ್ ಸೂತ್ರಕ್ಕೆ 0.36 ಹಾಕಿದೆ. 7.5 ಫೆಮ್ಟೋಮೀಟರ್ ಬಂತು. ಸರಿನಾ?

ರಾತ್ರಿಪಾಳಿ

ಸರಿ. ಪ್ರಯೋಗದವರ ಲೆಕ್ಕವೂ ಅಷ್ಟೇ.

ಅನುಮಾನಪ್ಪ

ಟಿ-ಸಿ-ಸಿಗೆ ನನ್ನ ತಕರಾರು ಇಲ್ಲ. ಆದರೆ ಹೊಸ್ತಿಲಿನಿಂದ ದೂರ ಇರೋ, ಯಾರೂ ಅಣು ಅನ್ನಲಾಗದ ಟೆಟ್ರಾಕ್ವಾರ್ಕ್ ಒಂದನ್ನು ತೋರಿಸಿ. ಆಗ ಈ ಬಿಗಿ ಗುಂಪು ಅನ್ನೋ ಮಾತನ್ನು ಒಪ್ಪೋಣ.

ಉಬ್ಬುತಗ್ಗು

ಅದಕ್ಕೊಂದು ಅಭ್ಯರ್ಥಿ ಇದೆ, ಇನ್ನೂ ಸಿಕ್ಕಿಲ್ಲ. ಟಿ-ಸಿ-ಸಿಯಲ್ಲಿ ಚಾರ್ಮ್ ತೆಗೆದು ಬಾಟಮ್ ಹಾಕಿ: ಟಿ-ಬಿ-ಬಿ. 2017ರಲ್ಲಿ ಮಾರೆಕ್ ಕಾರ್ಲಿನರ್ ಮತ್ತು ಜೊನಾಥನ್ ರೋಸ್ನರ್ ಅದರ ದ್ರವ್ಯರಾಶಿ 10,389 ಎಂಇವಿ ಅಂತ ಲೆಕ್ಕ ಹಾಕಿದರು. ಬಿ ಮತ್ತು ಬಿ-ಸ್ಟಾರ್ ಮೆಸಾನ್‌ಗಳ ಹೊಸ್ತಿಲಿನಿಂದ 215 ಎಂಇವಿ ಕೆಳಗೆ. ಅಷ್ಟು ಕೆಳಗಿದ್ದರೆ ಪ್ರಬಲ ಬಲದಿಂದಲೂ ಒಡೆಯೋಕಾಗಲ್ಲ, ವಿದ್ಯುತ್ಕಾಂತ ಬಲದಿಂದಲೂ ಆಗಲ್ಲ. ದುರ್ಬಲ ಬಲದಿಂದ ಮಾತ್ರ. ಹಾಗಾಗಿ ಬಿ ಮೆಸಾನ್ ತರಹವೇ ಡಿಕ್ಕಿಯ ಜಾಗದಿಂದ ಕಣ್ಣಿಗೆ ಕಾಣೋಷ್ಟು ದೂರ ಹಾರಿ ಆಮೇಲೆ ಒಡೆಯಬೇಕು.

ಕಷ್ಟ ಏನಂದರೆ ಒಂದೇ ಡಿಕ್ಕಿಯಲ್ಲಿ ಬಾಟಮ್ ಜೋಡಿ ಎರಡು ಸಲ ಹುಟ್ಟಬೇಕು. ಅದರಲ್ಲಿ ಎರಡು ಬಾಟಮ್ ಹತ್ತಿರ ಹತ್ತಿರ ಇರಬೇಕು. ಆಮೇಲೆ ಎರಡೂ ಒಡೆದು ಬಂದ ಚೂರುಗಳನ್ನೆಲ್ಲ ಒಂದೂ ಬಿಡದೆ ಹಿಡಿಯಬೇಕು. ಜೆ/ಸೈ ಎರಡು ಮ್ಯುವಾನ್ ಆಗೋದೇ ನೂರಕ್ಕೆ ಆರು ಸಲ. ಇಂಥ ಗುಣಾಕಾರ ನಾಲ್ಕೈದು ಸೇರಿದರೆ ಕೈಗೆ ಏನೂ ಉಳಿಯೋದಿಲ್ಲ. ಎಲ್‌ಎಚ್‌ಸಿಯ ದತ್ತಾಂಶ ಇನ್ನೂ ಬಹಳ ಬೆಳೀಬೇಕು.

ಬರಿಗಣ್ಣು

ಇದನ್ನೂ ಸೂತ್ರಕ್ಕೆ ಹಾಕಿದೆ. ಇಳಿಕೆಯ ದ್ರವ್ಯರಾಶಿ 2650, ಬಂಧಶಕ್ತಿ 215. ಉತ್ತರ 0.18 ಫೆಮ್ಟೋಮೀಟರ್! ಒಂದೊಂದು ಬಿ ಮೆಸಾನ್ ಇದಕ್ಕಿಂತ ದೊಡ್ಡದಲ್ವಾ? ಎಲ್ಲೋ ಸೊನ್ನೆ ತಪ್ಪಿರಬೇಕು.

ಸೀಮೆಸುಣ್ಣ

ಸೊನ್ನೆ ತಪ್ಪಿಲ್ಲ. ಆ ಸೂತ್ರ ಎರಡು ಮೆಸಾನ್ ಬೇರೆ ಬೇರೆ ಇವೆ ಅಂತ ಇಟ್ಟುಕೊಂಡು ಬರೆದದ್ದು. ಅವು ತಮ್ಮ ಗಾತ್ರಕ್ಕಿಂತ ಹತ್ತಿರ ಬರಬೇಕು ಅಂತ ಉತ್ತರ ಬಂದರೆ ಅಲ್ಲಿ ಬೇರೆ ಬೇರೆ ಮೆಸಾನ್ ಅನ್ನೋದೇ ಉಳಿದಿಲ್ಲ. @ಅನುಮಾನಪ್ಪ ಅವರು ಕೇಳಿದ ಕಣ ಇದೇ.

ಅನುಮಾನಪ್ಪ

ಐದು ಸಿಗ್ಮಾ ಬರಲಿ.